ಆರು ನಿಮಿಷಕ್ಕೆ ಎರಡು ಗಂಟೆ ದುಡ್ಡು

ಸಂಪಾದಕರಿಗೆ ನಮಸ್ಕಾರ,

ಓದುಗರ ಪತ್ರ ಅಂದ್ರೆ ರಸ್ತೆ ಗುಂಡಿ, ಬೀದಿ ದೀಪ, ನೀರು ಬಿಡದ ದಿನ ಇವೇ ಜಾಸ್ತಿ, ನಾನೂ ಹಿಂದೆ ಒಂದ್ಸಲ ಚರಂಡಿ ಬಗ್ಗೆ ಬರೆದಿದ್ದೆ, ನೀವು ಹಾಕ್ಲಿಲ್ಲ, ಪರವಾಗಿಲ್ಲ. ಈ ಸಲ ಒಂದು ಟೈಮಿಂದ ಇನ್ನೊಂದು ಟೈಮ್ ಕಳೆಯೋ ಲೆಕ್ಕದ ಬಗ್ಗೆ ಬರೀತಿದೀನಿ. ಇದನ್ನ ಪೇಪರ್‌ಗೆ ಯಾರಾದ್ರೂ ಬರೀತಾರಾ ಅಂತ ಮನೇಲಿ ನಕ್ಕರು, ಆದ್ರೆ ಇದು ನಮ್ಮ ನಿಮ್ಮ ಜೇಬಿನ ವಿಷಯ, ಸ್ವಲ್ಪ ಉದ್ದ ಆದ್ರೂ ಓದಿ.

ಹೋದ ವಾರ ಬೆಂಗಳೂರಿಗೆ ಹೋಗಿದ್ದೆ. ಒಂದು ದೊಡ್ಡ ಕಟ್ಟಡದಲ್ಲಿ ನಮ್ಮ ಭಾವನ ಆಫೀಸು, ಅವರ ಕೈಗೆ ಒಂದು ಕವರ್ ಕೊಡೋದಿತ್ತು ಅಷ್ಟೇ. ರಸ್ತೇಲಿ ನಿಲ್ಲಿಸೋಕೆ ಜಾಗ ಇಲ್ಲ ಅಂತ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಗಾಡಿ ಇಳಿಸಿದೆ, ಭಾವ ಲಿಫ್ಟ್ ಹತ್ರಾನೇ ಕಾಯ್ತಿದ್ರು, ಕವರ್ ಕೊಟ್ಟು ಕಾಫಿನೂ ಕುಡೀದೆ ವಾಪಸ್ ಬಂದೆ. ಚೀಟಿಲಿ ಒಳಗೆ ಬಂದಿದ್ದು 10:58, ಹೊರಗೆ ಹೋಗಿದ್ದು 11:04. ಗಂಟೆಗೆ 40 ರೂಪಾಯಿ ಅಂತ ಬೋರ್ಡಿದೆ, ಬಿಲ್ ಬಂದಿದ್ದು 80. ಆರು ನಿಮಿಷ ಕಣಪ್ಪಾ ಅಂದೆ. ಬೂತಲ್ಲಿದ್ದ ಹುಡುಗ ಪಾಪ ಸ್ಕ್ರೀನ್ ನನ್ನ ಕಡೆ ತಿರುಗಿಸಿ, "ಸಾರ್ ನಾನೇನ್ ಮಾಡ್ಲಿ, ಸಿಸ್ಟಮ್ ಹಂಗೆ ತೋರಿಸ್ತಿದೆ" ಅಂದ. ಹಿಂದೆ ನಾಲ್ಕು ಗಾಡಿ ಹಾರ್ನ್ ಹೊಡೀತಿದ್ವು, ಕೊಟ್ಟು ಬಂದೆ.

ಆ ಸಿಸ್ಟಮ್ ಒಳಗೆ ಏನು ಬರೆದಿದಾರೆ ಅಂತ ನಾನು ನೋಡಿಲ್ಲ, ಆದ್ರೆ ತುಮಕೂರಲ್ಲಿ ಕೂತು ಹದಿನೆಂಟು ವರ್ಷದಿಂದ ಇದೇ ಡೇಟಾಬೇಸ್, ಅಂದ್ರೆ ಕಂಪ್ಯೂಟರಲ್ಲಿ ದಾಖಲೆ ಇಡೋ ವ್ಯವಸ್ಥೆಯ ಕೆಲಸ ಮಾಡ್ಕೊಂಡಿರೋನು, ಈ ಕಾಯಿಲೆಯ ಲಕ್ಷಣ ನನಗೆ ಚೆನ್ನಾಗಿ ಗೊತ್ತು. ಎಸ್‌ಕ್ಯೂಎಲ್ ಸರ್ವರ್ ಅನ್ನೋ ಡೇಟಾಬೇಸಲ್ಲಿ ಡೇಟ್‌ಡಿಫ್ ಅಂತ ಒಂದು ಫಂಕ್ಷನ್, ಅಂದ್ರೆ ಲೆಕ್ಕ ಮಾಡಿಕೊಡೋ ಸಿದ್ಧ ಆಜ್ಞೆ ಇದೆ. ಎರಡು ಟೈಮ್ ಕೊಟ್ಟು ಎಷ್ಟು ಗಂಟೆ ಆಯ್ತು ಹೇಳಪ್ಪಾ ಅಂದ್ರೆ ಅದು ನಡುವೆ ಎಷ್ಟು ಹೊತ್ತು ಹೋಯ್ತು ಅಂತ ನೋಡೋದೇ ಇಲ್ಲ, ಆ ಹೊತ್ತಲ್ಲಿ ಗೋಡೆ ಗಡಿಯಾರ ಎಷ್ಟು ಸಲ ಗಂಟೆ ಹೊಡೀತು ಅಂತ ಎಣಿಸಿ ಹೇಳುತ್ತೆ. 10:58ಕ್ಕೂ 11:04ಕ್ಕೂ ನಡುವೆ ಹನ್ನೊಂದು ಹೊಡೀತು, ಅಲ್ಲಿಗೆ ಒಂದು ಗಂಟೆ. ಕನಿಷ್ಠ ಒಂದು ಗಂಟೆ ಚಾರ್ಜ್ ಇರಲೇಬೇಕಲ್ಲ ಅಂತ ಯಾರೋ ಪುಣ್ಯಾತ್ಮ ಅದಕ್ಕೆ ಇನ್ನೊಂದು ಕೂಡಿಸಿರ್ತಾನೆ, ಎರಡು ಗಂಟೆ ಆಯ್ತಾ. ಅದೇ 10:02ಕ್ಕೆ ಬಂದು 10:57ಕ್ಕೆ ಹೋದವನಿಗೆ ಒಂದೇ ಗಂಟೆ. ಐವತ್ತೈದು ನಿಮಿಷ ನಿಂತವನಿಗೆ 40, ಆರು ನಿಮಿಷ ನಿಂತವನಿಗೆ 80! ಇದೇ ಫಂಕ್ಷನ್‌ಗೆ ವರ್ಷ ಕೇಳಿದ್ರೆ ಡಿಸೆಂಬರ್ 31ರ ರಾತ್ರಿ 11:59ಕ್ಕೆ ಹುಟ್ಟಿದ ಕೂಸಿಗೆ ಎರಡು ನಿಮಿಷ ಆಗೋಷ್ಟರಲ್ಲಿ ಒಂದು ವರ್ಷ ತುಂಬಿರುತ್ತೆ. ಫಂಕ್ಷನ್ ತಪ್ಪು ಅಂತ ನಾನು ಹೇಳ್ತಿಲ್ಲ, ಅದು ಹಂಗೇ ಕೆಲಸ ಮಾಡೋದು ಅಂತ ಅವರ ಕೈಪಿಡೀಲೇ ಬರೆದಿದೆ, ಓದೋರು ಬೇಕಲ್ಲ.

ಮೈಎಸ್‌ಕ್ಯೂಎಲ್ ಅಂತ ಇನ್ನೊಂದಿದೆ, ಅದರಲ್ಲಿ ಟೈಮ್‌ಸ್ಟ್ಯಾಂಪ್‌ಡಿಫ್ ಅಂತ ಬಳಸಿ ಗಂಟೆ ಕೇಳಿದ್ರೆ ಪೂರ್ತಿ ತುಂಬಿದ ಗಂಟೆ ಮಾತ್ರ ಲೆಕ್ಕಕ್ಕೆ ಬರುತ್ತೆ, ಒಂದು ಗಂಟೆ ಐವತ್ತೊಂಬತ್ತು ನಿಮಿಷ ಆದ್ರೂ ಒಂದೇ. ನನ್ನ ಆರು ನಿಮಿಷ ಅಲ್ಲಿ ಸೊನ್ನೆ. ಅದೇ ಗಾಡಿ ಅದೇ ಚೀಟಿ, ಡೇಟಾಬೇಸ್ ಬೇರೆ ಆದ್ರೆ ಬಿಲ್ ಬೇರೆ. ಬೂತಲ್ಲಿರೋ ಹುಡುಗನಿಗೆ ಇದೆಲ್ಲ ಹೇಗೆ ಗೊತ್ತಾಗ್ಬೇಕು ಹೇಳಿ.

ಬೇರೆಯವರ ಮೇಲೆ ಹೇಳೋ ಮುಂಚೆ ನನ್ನ ತಪ್ಪು ಒಪ್ಕೊಂಡುಬಿಡ್ತೀನಿ, ಯಾಕಂದ್ರೆ ಈ ವಿಷಯದಲ್ಲಿ ನಾನೇನು ಸಾಚಾ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ವೇಬ್ರಿಡ್ಜ್‌ಗೆ ಸಾಫ್ಟ್‌ವೇರ್ ಮಾಡಿದ್ವಿ, ಲಾರಿ ಗೇಟಿಗೆ ಬಂದ ಟೈಮು, ತೂಕ ಆಗಿ ಹೊರಟ ಟೈಮು, ನಡುವೆ ಎಷ್ಟು ಹೊತ್ತು ಕಾಯ್ತು ಅನ್ನೋದು ರಿಪೋರ್ಟ್. ಮೈಎಸ್‌ಕ್ಯೂಎಲ್‌ನಲ್ಲಿ ನಾನು ನೇರವಾಗಿ ಒಂದರಿಂದ ಇನ್ನೊಂದು ಕಳೆದೆ, ನಡುವೆ ಒಂದು ಮೈನಸ್ ಚಿಹ್ನೆ ಹಾಕಿ. ಟೆಸ್ಟ್ ಮಾಡಿದೆ, ಒಳಗೆ ಅಂತ ಒತ್ತಿ ಹನ್ನೆರಡು ಸೆಕೆಂಡ್ ಬಿಟ್ಟು ಹೊರಗೆ ಅಂತ ಒತ್ತಿದೆ, 12 ಅಂತ ಬಂತು, ಸರಿಯಾಗಿದೆ ಅಂತ ಖುಷಿಯಾಗಿ ಟೀ ಕುಡಿಯೋಕೆ ಹೋದೆ. ಆಗಿದ್ದೇನಂದ್ರೆ ಹಂಗೆ ಕಳೆದಾಗ ಮೈಎಸ್‌ಕ್ಯೂಎಲ್ ಆ ಟೈಮನ್ನ ಟೈಮ್ ಅಂತ ನೋಡಲ್ಲ, ವರ್ಷ ತಿಂಗಳು ದಿನ ಗಂಟೆ ನಿಮಿಷ ಸೆಕೆಂಡ್ ಎಲ್ಲಾ ಅಂಟಿಸಿ ಒಂದೇ ಉದ್ದದ ಸಂಖ್ಯೆ ಮಾಡ್ಕೊಳುತ್ತೆ, ಹತ್ತು ಗಂಟೆ ಅಂದ್ರೆ ಕೊನೇಲಿ 100000, ಒಂಬತ್ತು ಐವತ್ತೊಂಬತ್ತು ಅಂದ್ರೆ 095900, ಕಳೀರಿ, 4100 ಬರುತ್ತೆ. ಆಗಿರೋದು ಒಂದು ನಿಮಿಷ, ಅಂದ್ರೆ 60 ಸೆಕೆಂಡು, ರಿಪೋರ್ಟ್ ಹೇಳೋದು 4100 ಸೆಕೆಂಡು, ಒಂದು ಗಂಟೆ ಎಂಟು ನಿಮಿಷದ ಮೇಲೆ. ನಿಮಿಷ ದಾಟದೇ ಇದ್ರೆ ಉತ್ತರ ಸರಿಯಾಗೇ ಇರುತ್ತೆ, ಅದಕ್ಕೇ ನನ್ನ ಹನ್ನೆರಡು ಸೆಕೆಂಡಿನ ಪರೀಕ್ಷೆ ಪಾಸಾಗಿದ್ದು.

ಇದರ ಪೆಟ್ಟು ಯಾರಿಗೆ ಬಿತ್ತು ಗೊತ್ತಾ, ವೇಬ್ರಿಡ್ಜ್ ಆಪರೇಟರ್‌ಗೆ. 9:10ರಿಂದ 9:30ರವರೆಗೆ ನಿಂತ ಲಾರಿ ಮೂವತ್ಮೂರು ನಿಮಿಷ ಅಂತ ಬರ್ತಿತ್ತು, 9:50ರಿಂದ 10:10ರವರೆಗೆ ನಿಂತಿದ್ದು ನೂರು ನಿಮಿಷ ಅಂತ ಬರ್ತಿತ್ತು, ಎರಡೂ ಇಪ್ಪತ್ತೇ ನಿಮಿಷ. ಗಂಟೆ ದಾಟೋ ಹೊತ್ತಲ್ಲೇ ನೀನು ಎದ್ದು ಹೋಗ್ತೀಯ, ಬೀಡಿ ಸೇದ್ತಾ ಕೂರ್ತೀಯ ಅಂತ ಮಾಲೀಕರು ಆ ಮನುಷ್ಯನಿಗೆ ಮೂರು ವಾರ ಬೈದ್ರು. ಆತ ಬೀಡಿ ಮುಟ್ಟೋನೇ ಅಲ್ಲ. ಆಮೇಲೆ ನಾನೇ ಹೋಗಿ ಹೇಳಿದೆ ತಪ್ಪು ನಂದು ಅಂತ, ಮಾಲೀಕರು ನಕ್ಕು ಬಿಟ್ಟರು, ಆಪರೇಟರ್ ನಗಲಿಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಒಂದು ಗೋದಾಮಿನ ಸೆಕ್ಯುರಿಟಿಯವರ ಹಾಜರಿ. ಹಾಜರಿ ಟೇಬಲ್‌ನಲ್ಲಿ ದಿನಾಂಕಕ್ಕೆ ಒಂದು ಕಾಲಂ, ಒಳಗೆ ಬಂದ ಟೈಮಿಗೆ ಒಂದು, ಹೊರಗೆ ಹೋದ ಟೈಮಿಗೆ ಒಂದು ಇಟ್ಟಿದ್ವಿ, ಬರೀ ಗಂಟೆ ನಿಮಿಷ. ಹಗಲು ಪಾಳಿಯವರಿಗೆ ಏನೂ ತೊಂದರೆ ಇಲ್ಲ. ರಾತ್ರಿ ಪಾಳಿಯವರು 22:10ಕ್ಕೆ ಬಂದು ಬೆಳಗ್ಗೆ 06:05ಕ್ಕೆ ಹೋಗ್ತಾರೆ, ಕಳೆದ್ರೆ ಮೈನಸ್ ಹದಿನಾರು ಗಂಟೆ ಐದು ನಿಮಿಷ. ರಿಪೋರ್ಟಲ್ಲಿ ಮೈನಸ್ ಕಂಡ್ರೆ ಚೆನ್ನಾಗಿರಲ್ಲ ಅಂತ ಸೊನ್ನೆಗಿಂತ ಕಮ್ಮಿ ಬಂದ್ರೆ ಸೊನ್ನೆ ಅಂತ ತೋರ್ಸು ಅಂತ ಒಂದು ಸಾಲು ಬರೆದವನೂ ನಾನೇ. ತಿಂಗಳ ಕೊನೇಲಿ ರಾತ್ರಿ ಕಾದೋರ ಗಂಟೆ ಎಲ್ಲಾ ಸೊನ್ನೆ. ಸಂಬಳ ಕೊಡೋರು ಏನು ಹೇಳಿದ್ರು ಅಂತ ನಾನು ಬರೀಬೇಕಾಗಿಲ್ಲ, ಅದೇ ಮಾತು, ಸಿಸ್ಟಮ್ ಹಂಗೆ ತೋರಿಸ್ತಿದೆ.

ಅವರಲ್ಲಿ ವಯಸ್ಸಾದ ಅಣ್ಣ ಒಬ್ರು ಒಂದು ನೋಟ್‌ಬುಕ್ ತಗೊಂಡು ನೇರ ನಮ್ಮ ಆಫೀಸಿಗೆ ಬಂದ್ರು. ಮಕ್ಕಳ ಸ್ಕೂಲಿನ ಹಳೇ ನೋಟ್‌ಬುಕ್, ಹಿಂದಿನ ಪುಟಗಳಲ್ಲಿ ದಿನಾ ಎರಡು ಸಾಲು, ಬಂದಿದ್ದು ಯಾವ ತಾರೀಖು ಎಷ್ಟೊತ್ತಿಗೆ, ಹೋಗಿದ್ದು ಯಾವ ತಾರೀಖು ಎಷ್ಟೊತ್ತಿಗೆ. ಎರಡೂ ಕಡೆ ತಾರೀಖು ಬರೆದಿದ್ರು ನೋಡಿ, ನಮ್ಮ ಟೇಬಲ್‌ನಲ್ಲಿ ಇಲ್ಲದೇ ಇದ್ದಿದ್ದು ಅದೇ. ಲೆಕ್ಕ ಹೆಂಗೆ ಹಾಕ್ತೀರಣ್ಣ ಅಂತ ಕೇಳಿದೆ. "ಹತ್ತೂ ಹತ್ತರಿಂದ ಹನ್ನೆರಡರ ತನಕ ಒಂದು ಗಂಟೆ ಐವತ್ತು ನಿಮಿಷ, ಅಲ್ಲಿಂದ ಆರೂ ಐದರ ತನಕ ಆರು ಗಂಟೆ ಐದು ನಿಮಿಷ, ಎಲ್ಲಾ ಸೇರಿ ಏಳು ಐವತ್ತೈದು, ಇದ್ರಲ್ಲೇನೈತಪ್ಪ" ಅಂದ್ರು. ಹೌದಲ್ಲ, ಇದ್ರಲ್ಲೇನಿದೆ.

ಇಷ್ಟಾದ ಮೇಲೂ ನಾನು ಬುದ್ಧಿ ಕಲೀಲಿಲ್ಲ ಅನ್ನೋದನ್ನೂ ಹೇಳ್ಬೇಕು. ಟೇಬಲ್ ಬದಲಾಯಿಸೋದು ದೊಡ್ಡ ಕೆಲಸ ಅಂತ ಅಡ್ಡದಾರಿ ಹಿಡಿದೆ, ಮೈನಸ್ ಬಂದ್ರೆ ಇಪ್ಪತ್ನಾಲ್ಕು ಕೂಡಿಸು ಅಂತ. ಕೆಲವು ತಿಂಗಳು ಚೆನ್ನಾಗೇ ನಡೀತು. ದೀಪಾವಳಿ ಟೈಮಲ್ಲಿ ಬದಲಿ ಆಳು ಊರಿಗೆ ಹೋಗಿ ಬರಲೇ ಇಲ್ಲ, ಅದೇ ಅಣ್ಣ ಶನಿವಾರ ರಾತ್ರಿ ಹತ್ತಕ್ಕೆ ಬಂದೋರು ಭಾನುವಾರ ರಾತ್ರಿ ಹನ್ನೊಂದರ ತನಕ ಒಬ್ರೇ ನಿಂತ್ರು, ಇಪ್ಪತ್ತೈದು ಗಂಟೆ, ನಮ್ಮ ಸಿಸ್ಟಮ್ ಒಂದು ಗಂಟೆ ಅಂತು. ಮೈನಸ್ ಬರಲೇ ಇಲ್ವಲ್ಲ, ಯಾಕೆ ಕೂಡಿಸುತ್ತೆ. ಆವಾಗ ಒಂದು ಭಾನುವಾರ ಪೂರ್ತಿ ಕೂತು ಎರಡೂ ಕಾಲಂನ ತಾರೀಖು ಸಮೇತ ಮಾಡಿದೆ, ಹಳೇ ಬಾಕಿನೂ ಕೊಡಿಸಿದ್ವಿ.

ಆಮೇಲೆ ಗೊತ್ತಾಗಿದ್ದು ಏನಂದ್ರೆ 1948ರ ಕಾರ್ಖಾನೆಗಳ ಕಾಯ್ದೆ ಬರೆದೋರಿಗೆ ಇದು ಆಗಲೇ ಹೊಳೆದಿತ್ತು. ಅದರ 57ನೇ ಸೆಕ್ಷನ್ ಇದಕ್ಕೇ ಅಂತ ಇತ್ತು, ಪಾಳಿ ಮಧ್ಯರಾತ್ರಿ ದಾಟಿದ್ರೆ ಆ ಕೆಲಸಗಾರನಿಗೆ ಮಾರನೇ ದಿನ ಶುರುವಾಗೋದು ಹನ್ನೆರಡಕ್ಕಲ್ಲ, ಪಾಳಿ ಮುಗಿದ ಹೊತ್ತಿಗೆ, ಹನ್ನೆರಡರ ನಂತರ ದುಡಿದ ಗಂಟೆ ಹಿಂದಿನ ದಿನದ ಲೆಕ್ಕಕ್ಕೇ ಸೇರ್ಬೇಕು ಅಂತಿತ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ರಾತ್ರಿ ಪಾಳಿಯವರ ಬಗ್ಗೆ ಅಷ್ಟು ಯೋಚನೆ ಮಾಡಿ ಬರೆದಿದಾರೆ, ನಾವು ಕಂಪ್ಯೂಟರ್ ಇಟ್ಕೊಂಡು ಮೈನಸ್ ಮುಚ್ಚಿ ಹಾಕೋ ಸಾಲು ಬರೀತೀವಿ.

ಎಣಿಸೋದು ಬೇರೆ, ಕಳೆಯೋದು ಬೇರೆ ಅನ್ನೋದು ನಮ್ಮ ಜನಕ್ಕೆ ಹೊಸದೇನಲ್ಲ. ಮನೇಲಿ ಯಾರಾದ್ರೂ ತೀರ್ಕೊಂಡ್ರೆ ಹನ್ನೊಂದನೇ ದಿನದ ಕಾರ್ಯ ಅಂತ ಮಾಡ್ತೀವಲ್ಲ, ತೀರ್ಕೊಂಡ ದಿನಾನೇ ಒಂದು ಅಂತ ಶುರು ಮಾಡಿ ಎಣಿಸ್ತಾರೆ, ಒಂದನೇ ತಾರೀಖು ತೀರ್ಕೊಂಡ್ರೆ ಹನ್ನೊಂದಕ್ಕೆ ಕಾರ್ಯ. ಡೇಟಾಬೇಸಲ್ಲಿ ಕಳೆದ್ರೆ ಹತ್ತು ಅಂತ ಬರುತ್ತೆ, ಎರಡೂ ಸರಿ, ಪ್ರಶ್ನೆ ಬೇರೆ ಬೇರೆ. ಕೋರ್ಟು ಕಚೇರಿಯವರೂ ಇದನ್ನ ಗಾಳಿಗೆ ಬಿಟ್ಟಿಲ್ಲ, 1897ರ ಜನರಲ್ ಕ್ಲಾಸಸ್ ಆಕ್ಟ್‌ನ 9ನೇ ಸೆಕ್ಷನ್ ಪ್ರಕಾರ ಕಾನೂನಲ್ಲಿ ಇಂಥ ದಿನ'ದಿಂದ' ಅಂತ ಇದ್ರೆ ಆ ಮೊದಲ ದಿನ ಬಿಟ್ಟು ಎಣಿಸ್ಬೇಕು. ಇನ್ನೂ ಹಿಂದೆ ಹೋಗಿ, ಬಾದಾಮಿ ಮೂರನೇ ಗುಹೆಯಲ್ಲಿ ಮಂಗಲೇಶನ ಶಾಸನ ಇದೆಯಲ್ಲ, ಕ್ರಿ.ಶ. 578ರದ್ದು, ಅದರಲ್ಲಿ ಬರೀ ಶಕ ವರ್ಷ ಐನೂರು ಅಂತ ಕೆತ್ತಿಸಿಲ್ಲ, ಐನೂರು ವರ್ಷ 'ಅತಿಕ್ರಾಂತ' ಆದ ಮೇಲೆ, ಅಂದ್ರೆ ಕಳೆದ ಮೇಲೆ ಅಂತ ಕೆತ್ತಿಸಿದಾರೆ. ಆ ಒಂದು ಪದ ಇಲ್ಲದೇ ಹೋಗಿದ್ರೆ ನಡೀತಿರೋ ಐನೂರನೇ ವರ್ಷವೋ ಮುಗಿದ ಐನೂರೋ ಅಂತ ಒಂದು ವರ್ಷದ ಅನುಮಾನ ಉಳೀತಿತ್ತು. ಕಲ್ಲಲ್ಲಿ ಕೆತ್ತೋನಿಗೆ ಇದ್ದ ಎಚ್ಚರ ಪಾರ್ಕಿಂಗ್ ಚೀಟಿ ಪ್ರಿಂಟ್ ಮಾಡೋನಿಗೆ ಬೇಡ್ವಾ.

ಸರ್ಕಾರಿ ಲೆಕ್ಕದಲ್ಲಂತೂ ಇದು ನೇರ ರೂಪಾಯಿ ವಿಷಯ. ನಮ್ಮ ಸಕಾಲ ಕಾಯ್ದೆ 2011ರದ್ದು, ಅರ್ಜಿ ನಿಗದಿತ ಅವಧೀಲಿ ವಿಲೇವಾರಿ ಆಗದಿದ್ರೆ ತಡ ಆದ ದಿನಕ್ಕೆ 20 ರೂಪಾಯಿ ಹಂಗೆ 500ರ ತನಕ ಪರಿಹಾರ ಕೇಳಬಹುದು, ಆದ್ರೆ ಅಲ್ಲಿನ ಅವಧಿ ಇರೋದು ಕೆಲಸದ ದಿನಗಳಲ್ಲಿ. ಭಾನುವಾರ, ಹಬ್ಬದ ರಜೆ ಎಲ್ಲಾ ತೆಗೀಬೇಕು ಅಂದ್ರೆ ಒಂದು ತಾರೀಖಿನಿಂದ ಇನ್ನೊಂದು ತಾರೀಖು ಕಳೆದ್ರೆ ಆಗಲ್ಲ, ರಜಾ ಪಟ್ಟಿಯ ಒಂದು ಟೇಬಲ್ ಪಕ್ಕದಲ್ಲಿ ಇಟ್ಕೊಂಡೇ ಎಣಿಸ್ಬೇಕು, ಆ ಟೇಬಲ್ ವರ್ಷಾ ವರ್ಷ ಯಾರಾದ್ರೂ ತುಂಬಿಸ್ತಿರ್ಬೇಕು. ಮಾಹಿತಿ ಹಕ್ಕಿನಲ್ಲಿ ಒಂದೇ ಸೆಕ್ಷನ್‌ನಲ್ಲಿ ಎರಡು ಅಳತೆ ಇದೆ, ಸಾಮಾನ್ಯಕ್ಕೆ 30 ದಿನ, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆ ಆದ್ರೆ 48 ಗಂಟೆ. 48 ಗಂಟೆ ಅಂದ್ರೆ ಅರ್ಜಿ ಬಂದ ಗಂಟೆ ನಿಮಿಷನೂ ಬರೆದಿರ್ಬೇಕು, ಬರೀ ತಾರೀಖಿನ ಸೀಲ್ ಹೊಡೆದಿದ್ರೆ ಯಾವಾಗಿಂದ ಎಣಿಸ್ತೀರಾ?

ಐದೂವರೆ ಗಂಟೆ ಬಗ್ಗೆ ಹೇಳದೇ ಇದ್ರೆ ನನ್ನ ಜೊತೆ ಕೆಲಸ ಮಾಡೋರು ಬೈತಾರೆ. ಸರ್ವರ್‌ಗಳು, ಅಂದ್ರೆ ಡೇಟಾಬೇಸ್ ಇಟ್ಟಿರೋ ಕಂಪ್ಯೂಟರ್‌ಗಳು, ಸಾಮಾನ್ಯವಾಗಿ ಯುಟಿಸಿ ಅನ್ನೋ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಟೈಮಲ್ಲಿ ಓಡ್ತಿರುತ್ವೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಒಳಗೆ ಬಂದಿದ್ದನ್ನ ಸರ್ವರ್ ಬರೆದು, ಹೊರಗೆ ಹೋಗಿದ್ದನ್ನ ಬೂತಿನ ಕಂಪ್ಯೂಟರ್ ಬರೆದ್ರೆ ಹತ್ತು ನಿಮಿಷ ನಿಂತವನು ಐದು ಗಂಟೆ ನಲವತ್ತು ನಿಮಿಷ ನಿಂತ ಹಾಗೆ. ಯಾವುದೇ ಬಿಲ್ಲಲ್ಲಿ ಹೆಚ್ಚು ಕಮ್ಮಿ ಸರಿಯಾಗಿ ಐದೂವರೆ ಗಂಟೆ ಜಾಸ್ತಿ ಕಂಡ್ರೆ ಇದೇ ಅಂತ ಅನುಮಾನ ಪಡಿ. ಮೊಬೈಲ್‌ನಲ್ಲಿ ಒಂದೊಂದ್ಸಲ '1 ಜನವರಿ 1970, ಬೆಳಗ್ಗೆ 5:30' ಅಂತ ಬರುತ್ತಲ್ಲ, ಅದೂ ಇದರ ದಾಯಾದಿನೇ. ಕಂಪ್ಯೂಟರ್ ಸೆಕೆಂಡ್ ಎಣಿಸೋಕೆ ಶುರು ಮಾಡೋದು ಆ ದಿನ ಯುಟಿಸಿ ಮಧ್ಯರಾತ್ರಿಯಿಂದ, ಜಾಗ ಖಾಲಿ ಇದ್ದು ಅಲ್ಲಿ ಸೊನ್ನೆ ಕೂತಿದ್ರೆ ನಮ್ಮಲ್ಲಿ ಬೆಳಗ್ಗೆ ಐದೂವರೆ ಅಂತ ತೋರ್ಸುತ್ತೆ. ಅದನ್ನ ನಂಬಿ ಇವತ್ತಿನಿಂದ ಕಳೆದ್ರೆ ಇಪ್ಪತ್ತು ಸಾವಿರ ದಿನಕ್ಕೂ ಜಾಸ್ತಿ ಬಾಕಿ ಅಂತ ನೋಟಿಸ್ ಹೋಗುತ್ತೆ.

ಇನ್ನು ಸಣ್ಣಪುಟ್ಟ ಗುಂಡಿಗಳು ಬೇಕಾದಷ್ಟಿವೆ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸಲ್ಲಿ ಕಳೆದ್ರೆ '2 ದಿನ 3 ಗಂಟೆ' ಅಂತ ಚೆನ್ನಾಗೇ ಬರುತ್ತೆ, ಅದರಿಂದ ಗಂಟೆ ಮಾತ್ರ ತೆಗಿ ಅಂದ್ರೆ 51 ಕೊಡಲ್ಲ, 3 ಕೊಡುತ್ತೆ. ಒಟ್ಟು ಸೆಕೆಂಡ್ ಮಾಡ್ಕೊಂಡು 3600ರಿಂದ ಭಾಗಿಸ್ಬೇಕು. ಒರಾಕಲ್ ಅನ್ನೋ ಡೇಟಾಬೇಸಲ್ಲಿ ಎರಡು ಡೇಟ್ ಕಳೆದ್ರೆ ಬರೋದು ದಿನದ ಭಿನ್ನರಾಶಿ, 24ರಿಂದ ಗುಣಿಸದೇ ಹಂಗೇ ಪ್ರಿಂಟ್ ಮಾಡಿದ್ರೆ ಹನ್ನೆರಡು ಗಂಟೆ 0.5 ಅಂತ ಕಾಣುತ್ತೆ. ಮೈಎಸ್‌ಕ್ಯೂಎಲ್‌ನ ಟೈಮ್‌ಡಿಫ್ ಅನ್ನೋ ಫಂಕ್ಷನ್‌ಗೆ 838 ಗಂಟೆ 59 ನಿಮಿಷ 59 ಸೆಕೆಂಡೇ ಗಡಿ, ಹೆಚ್ಚು ಕಮ್ಮಿ ಮೂವತ್ತೈದು ದಿನ, ಗೋದಾಮಲ್ಲಿ ಎರಡು ತಿಂಗಳಿಂದ ಕೊಳೀತಿರೋ ಮೂಟೆನೂ ಆರು ತಿಂಗಳಿಂದ ಕೊಳೀತಿರೋ ಮೂಟೆನೂ ಅಲ್ಲಿ ಒಂದೇ ವಯಸ್ಸು. ಅಮೆರಿಕದ ಕಂಪನಿಗಳಿಗೆ ಬೆಂಗಳೂರಿಂದ ಕೆಲಸ ಮಾಡೋರಿಗೆ ಮಾರ್ಚ್‌ನಲ್ಲೂ ನವೆಂಬರ್‌ನಲ್ಲೂ ಅಲ್ಲಿನ ಗಡಿಯಾರ ಒಂದು ಗಂಟೆ ಆಚೆ ಈಚೆ ಆಗೋದು ಗೊತ್ತೇ ಇರುತ್ತೆ, ಅಲ್ಲಿನ ಗೋಡೆ ಗಡಿಯಾರದ ಟೈಮ್ ಹಂಗೇ ಕಳೆದ್ರೆ ಆ ರಾತ್ರಿ ಎಂಟು ಗಂಟೆ ದುಡಿದ ನರ್ಸಮ್ಮನ ಲೆಕ್ಕ ಒಂದು ಸಲ ಒಂಬತ್ತು, ಇನ್ನೊಂದು ಸಲ ಏಳು. ನಮ್ಮ ದೇಶದಲ್ಲಿ ಈಗ ಆ ಕಾಟ ಇಲ್ಲ, ಎರಡನೇ ಮಹಾಯುದ್ಧದ ಟೈಮಲ್ಲಿ 1942ರಿಂದ 1945ರ ತನಕ ಒಂದು ಗಂಟೆ ಮುಂದೆ ಇಟ್ಟಿದ್ರು.

ಮತ್ತೆ ಹೊರಗೆ ಹೋದ ಟೈಮೇ ಇಲ್ಲದ ಸಾಲುಗಳು. ಕರೆಂಟ್ ಹೋಗಿರುತ್ತೆ, ಬೆರಳು ಒತ್ತೋದು ಮರೆತಿರ್ತಾರೆ, ಡೇಟಾಬೇಸಲ್ಲಿ ಆ ಜಾಗ ನಲ್ ಅಂತ ಇರುತ್ತೆ, ಸೊನ್ನೆ ಅಲ್ಲ, ಗೊತ್ತಿಲ್ಲ ಅಂತ ಅರ್ಥ. ನಲ್‌ನಿಂದ ಏನು ಕಳೆದ್ರೂ ನಲ್ಲೇ. ಕೆಲವರು ಅಲ್ಲಿ ಈಗಿನ ಟೈಮ್ ತುಂಬಿ ಬಿಡ್ತಾರೆ, ಮೂರು ದಿನ ಆದ್ಮೇಲೆ ರಿಪೋರ್ಟ್ ತೆಗೆದ್ರೆ ಎಪ್ಪತ್ತು ಗಂಟೆ ಡ್ಯೂಟಿ, ಇನ್ನು ಕೆಲವರು ಸೊನ್ನೆ ತುಂಬ್ತಾರೆ, ಸಂಬಳ ಹೋಯ್ತು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ತೋರ್ಸೋಕೆ ಇಷ್ಟು ನಾಚಿಕೆ ಯಾಕೋ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಟೈಮ್ ನೋಡಿ ದುಡ್ಡು ತಗೊಳ್ಳೋ ಅಥವಾ ದುಡ್ಡು ಕೊಡೋ ಯಾವ ಜಾಗ ಆದ್ರೂ ಸರಿ, ಪಾರ್ಕಿಂಗು, ಹಾಜರಿ, ಗೋದಾಮು ಬಾಡಿಗೆ, ಬಾಡಿಗೆ ಸೈಕಲ್ಲು, ಚೀಟಿಲಿ ತಾರೀಖು ಸಮೇತ ಎರಡೂ ಟೈಮ್ ಹಾಕಿ, ಪಕ್ಕದಲ್ಲಿ ಒಟ್ಟು ಎಷ್ಟು ನಿಮಿಷ ಅಂತ ಹಾಕಿ, ಆ ನಿಮಿಷನ ಗಂಟೆಗೆ ಏರಿಸಿದ್ದು ಯಾವ ನಿಯಮದ ಮೇಲೆ ಅಂತ ಬೋರ್ಡಲ್ಲಿ ದರದ ಕೆಳಗೆ ಒಂದು ಸಾಲು ಬರೀರಿ. ಮೊದಲು ನಿಮಿಷ ಎಣಿಸಿ ಕೊನೇಲಿ ಒಂದೇ ಸಲ ಏರಿಸಿದ್ರೆ ನನ್ನ ಆರು ನಿಮಿಷ ಒಂದು ಗಂಟೆ ಆಗ್ತಿತ್ತು, 40 ರೂಪಾಯಿ ನಗ್ತಾ ಕೊಡ್ತಿದ್ದೆ. ನಗರಸಭೆ, ಪಾಲಿಕೆಯವರು ಪಾರ್ಕಿಂಗ್ ಟೆಂಡರ್ ಕೊಡುವಾಗ ದರ ಎಷ್ಟು ಅಂತ ಬರೀತಾರೆ, ಗಂಟೆ ಅಂದ್ರೆ ಏನು ಅಂತಾನೂ ಬರೆಸ್ಕೊಳ್ಳಲಿ. ಕೆಲಸ ಒಪ್ಪಿಸ್ಕೊಳ್ಳೋ ಮುಂಚೆ 10:58ರಿಂದ 11:04, ರಾತ್ರಿ 22:10ರಿಂದ ಬೆಳಗ್ಗೆ 06:05, ಶನಿವಾರ ಹತ್ತರಿಂದ ಭಾನುವಾರ ಹನ್ನೊಂದು, ಈ ಮೂರು ಹಾಕಿ ನೋಡಿ ಸಾಕು, ಹನ್ನೆರಡು ಸೆಕೆಂಡಿನ ಪರೀಕ್ಷೆ ಬೇಡ.

ಪಾರ್ಕಿಂಗ್‌ನವರಿಗೆ ಚೀಟಿಯಲ್ಲಿದ್ದ ನಂಬರ್‌ಗೆ ಮೂರು ಸಲ ಫೋನ್ ಮಾಡಿದೆ, ಚೀಟಿ ಫೋಟೋ ಕಳ್ಸಿ ಸಾರ್ ಅಂದ್ರು. ನಿನ್ನೆ ಪರ್ಸಿಂದ ತೆಗೆದು ನೋಡ್ತೀನಿ, ಆ ಬಿಸಿಗೆ ಅಕ್ಷರ ಮೂಡೋ ಪೇಪರ್ ಇರುತ್ತಲ್ಲ, ಮಡಿಚಿಟ್ಟ ಕಡೆ ಎಲ್ಲಾ ಮಾಸಿ ಹೋಗಿದೆ. ಒಳಗೆ ಬಂದಿದ್ದು 10:58 ಇನ್ನೂ ಓದೋಕೆ ಆಗುತ್ತೆ, ಹೊರಗೆ ಹೋಗಿದ್ದು ಖಾಲಿ. ಅವರ ಲೆಕ್ಕದಲ್ಲಿ ನಾನಿನ್ನೂ ಬೇಸ್‌ಮೆಂಟಲ್ಲೇ ಇದೀನಿ ಅಂತ ಬಿಲ್ ಕಳಿಸದೇ ಇದ್ರೆ ಸಾಕು.

ಇತಿ,
ಒಬ್ಬ ಡೇಟಾಬೇಸ್ ಕೆಲಸದವನು, ತುಮಕೂರು